‘ಓದದಿದ್ದರೆ ಗ್ಯಾರೇಜಿಗೆ ಹಾಕ್ತೇನೆ’ ಅನ್ನುವ ಹಿರಿಯರಿಗೆ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅಪ್ಪ ಅಮ್ಮಂದಿರಿಗೆ, ಹೈಸ್ಕೂಲಿನ ಮಾಸ್ಟ್ರು ಮತ್ತು ಟೀಚರುಗಳಿಗೆ, ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕಟಪಾಡಿಯ ಹುಡುಗ. ಈ ಸಲ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದೆ. ಸೈನ್ಸ್, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್). ಪರೀಕ್ಷೆ ಮುಗಿದು ಹತ್ತು ದಿನಕ್ಕೆ ನನಗೆ 18 ತುಂಬಿತು. ಮರುದಿನವೇ ಕಾರು ಕಲಿಯಲು ಬೇಕಾದ ಲೈಸೆನ್ಸ್, ಅಂದರೆ ಎಲ್‌ಎಲ್‌ಗೆ ಅರ್ಜಿ ಹಾಕಿದೆ. ಈಗ ಮಾವನ ಹಳೇ ಕಾರಿಗೆ ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಆರು ಗಂಟೆಗೆ ಶಿರ್ವ ರಸ್ತೆಯಲ್ಲಿ ಕಲಿಯುತ್ತಿದ್ದೇನೆ. ರಿಸಲ್ಟ್ ಇನ್ನೂ ಬಂದಿಲ್ಲ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಮುಂದೆ ಎಂತ?" ನಾನು "ಆಟೊಮೊಬೈಲ್ ಡಿಪ್ಲೊಮಾ" ಅಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ಕಳೆದ ವಾರ ದೊಡ್ಡಮ್ಮ ಬಂದಿದ್ದರು. ಅಮ್ಮನ ಕಡೆ ತಿರುಗಿ ಮೆಲ್ಲ ಕೇಳಿದರು, "ಮಾರ್ಕು ಕಡಿಮೆ ಬರ್ತದಾ ಅವನಿಗೆ?" ದೊಡ್ಡಮ್ಮನಿಗೆ ನನ್ನ ಮೇಲೆ ತುಂಬ ಪ್ರೀತಿ. ಅವರು ಕೊಂಕು ತೆಗೆಯಲು ಕೇಳಿದ್ದಲ್ಲ. ಆದರೆ ಆ ಪ್ರಶ್ನೆ ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ನಮ್ಮ ಊರಿನ ಮಕ್ಕಳೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದ ಮಾತು ಒಂದಿದೆ. "ಸರಿ ಓದು. ಇಲ್ಲದಿದ್ದರೆ ಗ್ಯಾರೇಜಿಗೆ ಹಾಕ್ತೇನೆ." ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ನಾನು ಕೇಳಿದ ಎಲ್ಲ ಮನೆಗಳಲ್ಲೂ ಇದೇ ಮಾತು. ನನ್ನ ಅಪ್ಪನೂ ಹೇಳಿದ್ದಾರೆ. ಆ ಮಾತಿನ ಬಗ್ಗೆಯೇ ಈ ಪತ್ರ.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಮನೆ ಹೆದ್ದಾರಿಯಿಂದ ಎರಡು ಗದ್ದೆ ಆಚೆ. ಈಗ ಅದು ಎನ್‌ಎಚ್ 66. ಅಜ್ಜನಿಗೆ ಇವತ್ತಿಗೂ ಎನ್‌ಎಚ್ 17. ರಾತ್ರಿ ಮಲಗಿದರೆ ಗಾಡಿಗಳ ಸದ್ದು ಕೇಳುತ್ತಲೇ ನಿದ್ದೆ. ಐದನೇ ಕ್ಲಾಸಿನ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ. ಇದು ಡೀಸೆಲ್. ಇದು ಮೂರು ಸಿಲಿಂಡರಿನದ್ದು. ಇದು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು, ಗೇರು ಇಳಿಸಿತು, ಸ್ಟಾಪಿನಲ್ಲಿ ಹತ್ತುವವರಿದ್ದಾರೆ.

ಅಜ್ಜ ಹಿಂದೆ ಅಂಬಾಸಿಡರ್ ಓಡಿಸುತ್ತಿದ್ದರು. ಸರ್ವಿಸ್ ಕಾರು. ಒಳಗಿನ ಊರುಗಳಿಂದ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಜನರನ್ನು ತರುವ ಕಾರು. ಮುಂದೆ ನಾಲ್ಕು ಜನ, ಹಿಂದೆ ಆರು ಜನ, ಅಜ್ಜನ ಅರ್ಧ ಮೈ ಬಾಗಿಲ ಹತ್ತಿರ ಹೊರಗೆ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಉಡುಪಿಗೆ ಮುಟ್ಟಿಸಿದ ಕತೆಗಳನ್ನು ಅಜ್ಜ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ನಾನು ಒಂದನೇ ಕ್ಲಾಸಿಗೆ ಸೇರಿದ 2014ರಲ್ಲೇ ಅಂಬಾಸಿಡರ್ ತಯಾರಿ ನಿಂತಿತು. ಮಾರುತಿ 800 ನಿಂತದ್ದೂ ಅದೇ ವರ್ಷ. ಎರಡನ್ನೂ ನಾನು ಶೋರೂಮಿನಲ್ಲಿ ನೋಡಿದವನಲ್ಲ. ಆದರೆ ಎರಡರ ಕಾರ್ಬುರೇಟರನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಜೋಡಿಸುವುದನ್ನು ಹತ್ತಿರ ಕೂತು ನೋಡಿದ್ದೇನೆ.

ನೋಡಿದ್ದು ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ. ತಗಡಿನ ಮಾಡು, ಎದುರಿಗೆ ಒಂದು ಹಲಸಿನ ಮರ. ಅಲ್ಲಿನ ಮೆಕ್ಯಾನಿಕ್ಕನ್ನು ನಾನು ಅಣ್ಣ ಅಂತ ಕರೆಯುತ್ತೇನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ನಾನು ಅಲ್ಲಿ. ಅಣ್ಣ ನನಗೆ ಕೆಲಸ ಕೊಡುತ್ತಿರಲಿಲ್ಲ. "ಕೂತು ನೋಡು. ಕೈ ಹಾಕಬೇಡ. ಸಂಶಯ ಬಂದರೆ ಕೇಳು" ಅನ್ನುತ್ತಿದ್ದರು. ನಾನು ಕೇಳಿದಷ್ಟಕ್ಕೂ ಉತ್ತರ ಕೊಟ್ಟ ಮನುಷ್ಯ ಅವರು.

ಒಂದು ಸಂಗತಿ ಹೇಳಲೇಬೇಕು. ಫಸ್ಟ್ ಪಿಯುಸಿಯಲ್ಲಿರುವಾಗ ಒಂದು ಮನೆಯವರು ಶೃಂಗೇರಿಗೆ ಹೋಗಿ ಆಗುಂಬೆ ಘಾಟಿಯಲ್ಲಿ ಇಳಿದು ಬಂದಿದ್ದರು. ಅರ್ಧ ಘಾಟಿ ಇಳಿಯುವಾಗ ಬ್ರೇಕ್ ಪೆಡಲು ಮೆತ್ತಗಾಗಿ ಒಳಗೆ ಹೋಗಲು ಶುರುವಾಯಿತಂತೆ. ಹೇಗೋ ಒಂದನೇ ಗೇರಿಗೆ ಹಾಕಿ, ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಕಾದು ಮೆಲ್ಲ ಇಳಿದರಂತೆ. ಮರುದಿನ ಗ್ಯಾರೇಜಿಗೆ ಬಂದಾಗ ಪೆಡಲು ಸರಿಯಾಗಿಯೇ ಇತ್ತು. ಅಣ್ಣ ಬ್ರೇಕ್ ಆಯಿಲಿನ ಡಬ್ಬಿ ತೆರೆದು ತೋರಿಸಿದರು. ಚಾದ ಬಣ್ಣ. "ಬದಲಿಸಿ ಎಷ್ಟು ವರ್ಷ ಆಯ್ತು?" ಅವರಿಗೆ ನೆನಪೇ ಇರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಅಂಶ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೆ ಬರವಿಲ್ಲ ಅಲ್ವಾ? ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದಕ್ಕೆ ನೂರಕ್ಕೆ ಸುಮಾರು 4 ಪಾಲು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಬಿಸಿ ಏರುತ್ತದೆ, ಆಯಿಲ್ ಕುದಿಯುತ್ತದೆ, ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ. ಆವಿಯನ್ನು ಅದುಮಿದರೆ ಆವಿ ಸುಮ್ನೆ ಕುಗ್ಗುತ್ತದೆ. ಪೆಡಲು ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಹೋಗುತ್ತದೆ ಅನ್ನುವ ಪಾಸ್ಕಲನ ನಿಯಮವನ್ನು ನಾನು ಪುಸ್ತಕದಲ್ಲಿ ಓದಿ ಎರಡು ವಾರ ಆಗಿತ್ತು ಅಷ್ಟೇ. ಅದು ನನಗೆ ಅರ್ಥವಾದದ್ದು ಆ ಹಲಸಿನ ಮರದ ಕೆಳಗೆ. ಸೋಮವಾರ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂಗೆ ಹೇಳಿದೆ. ಅವರು ಆ ದಿನದ ಪಾಠ ನಿಲ್ಲಿಸಿ ಹದಿನೈದು ನಿಮಿಷ ಇದನ್ನೇ ಮಾತಾಡಿದರು. ನೀರು ಯಾಕೆ ಅಷ್ಟು ಸುಲಭವಾಗಿ ಸೇರುತ್ತದೆ, ಕುದಿಯುವ ಬಿಂದು ಯಾಕೆ ಇಳಿಯುತ್ತದೆ. ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿ ಕೇಳಿದರು. ಎರಡು ವರ್ಷದಲ್ಲಿ ನನಗೆ ತುಂಬ ಖುಷಿ ಕೊಟ್ಟ ಕ್ಲಾಸು ಅದು. ಮೇಡಂಗೆ ನಾನು ಯಾವತ್ತೂ ಋಣಿ.

ಆಮೇಲೆ ನಾನೂ ಮಾವನ ಜೊತೆ ಆಗುಂಬೆಗೆ ಹೋಗಿದ್ದೆ. 14 ತಿರುವುಗಳ ಘಾಟಿ ಅದು. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ಕು. ಸಮತಟ್ಟು ತಿರುವಿನಲ್ಲಿ ಕಾರು ಜಾರದೆ ಹೋಗಬಹುದಾದ ವೇಗಕ್ಕೆ ಫಿಸಿಕ್ಸಿನಲ್ಲಿ ಲೆಕ್ಕ ಉಂಟು. ಘರ್ಷಣೆಯ ಗುಣಾಂಕ, ತಿರುವಿನ ತ್ರಿಜ್ಯ, ಗುರುತ್ವ, ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಬೇಕು. ತ್ರಿಜ್ಯ 15 ಮೀಟರ್ ಅಂತ ಇಟ್ಟುಕೊಳ್ಳಿ. ಒಣ ರಸ್ತೆಗೆ ಗುಣಾಂಕ 0.7 ಅಂತ ಹಿಡಿದರೆ ಗಂಟೆಗೆ ಸುಮಾರು 36.5 ಕಿ.ಮೀ. ಒದ್ದೆ ರಸ್ತೆಗೆ 0.4 ಹಿಡಿದರೆ ಸುಮಾರು 27.6 ಕಿ.ಮೀ. ಈ ಲೆಕ್ಕದಲ್ಲಿ ಕಾರಿನ ತೂಕ ಬರುವುದೇ ಇಲ್ಲ. ಕಾರಿನ ಬೆಲೆಯೂ ಬರುವುದಿಲ್ಲ. ಮಾವ ಯಾವ ಲೆಕ್ಕವನ್ನೂ ಮಾಡದೆ ಮಳೆಯಲ್ಲಿ ಪ್ರತಿ ತಿರುವನ್ನು 15, 20ರಲ್ಲೇ ತೆಗೆದರು. ಎರಡನೇ ಗೇರು, ಕೆಲವು ಕಡೆ ಒಂದು, ಬ್ರೇಕಿಗಿಂತ ಜಾಸ್ತಿ ಎಂಜಿನ್ನೇ ಗಾಡಿಯನ್ನು ಹಿಡಿದಿತ್ತು. ಅವರು ಕುವೈಟಿನಲ್ಲಿ ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ದುಡಿದವರು. ಅವರ ಕೈ ಮಾಡಿದ್ದನ್ನೇ ನನ್ನ ನೋಟ್‌ಬುಕ್ಕಿನ ಲೆಕ್ಕವೂ ಹೇಳುತ್ತಿತ್ತು. ಆ ದಿನ ನನಗಾದ ಸಂತೋಷವನ್ನು ನಾನು ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಈಗ ಬೇಸರದ ಸಂಗತಿಗೆ ಬರುತ್ತೇನೆ.

ನಾನು ಹತ್ತನೇ ಕ್ಲಾಸಿನಲ್ಲಿರುವಾಗ ಒಂದು ದಿನ ನಮ್ಮನ್ನೆಲ್ಲ ಶಾಲೆಯ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಎಸ್ಸೆಸ್ಸೆಲ್ಸಿ ನಂತರ ಮುಂದೇನು ಅಂತ ಒಬ್ಬರು ಮಾತಾಡಿದರು. ಬೋರ್ಡಿನಲ್ಲಿ ಮೂರು ಗೆರೆ ಎಳೆದರು. ಸೈನ್ಸ್, ಕಾಮರ್ಸ್, ಆರ್ಟ್ಸ್. ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಸೈನ್ಸಿನ ಬಗ್ಗೆ. ಕೊನೆಗೆ ಪ್ರಶ್ನೆ ಕೇಳಲು ಹೇಳಿದರು. ನಾನು ಎದ್ದು ನಿಂತು, "ಸರ್, ಕಾರಿನ ಬಗ್ಗೆ ಕಲಿಯಬೇಕು ಅಂತಿದ್ದರೆ ಎಲ್ಲಿಗೆ ಹೋಗಬೇಕು?" ಅಂದೆ. ಅವರು ನಕ್ಕರು. "ಅದು ಮಾರ್ಕು ಬಾರದವರಿಗೆ ಮಾರಾಯ. ನಿನಗೆ ಎಷ್ಟು ಬರ್ತದೆ?" ಹಾಲಿನಲ್ಲಿದ್ದ ಎಲ್ಲರೂ ನಕ್ಕರು. ನಾನು ಕೂತೆ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಮರಗೆಲಸ ಅಂದರೆ ಪ್ರಾಣ. ಅವನು ಕೈ ಎತ್ತಬೇಕು ಅಂತಿದ್ದ. ಎತ್ತಲಿಲ್ಲ. ಅವನು ಕಾಮರ್ಸ್ ಸೇರಿದ, ಒಂದು ವರ್ಷಕ್ಕೆ ಬಿಟ್ಟ.

ಆ ವರ್ಷ, 2024ರಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ 94 ಶೇಕಡಾ ತೆಗೆದು ರಾಜ್ಯಕ್ಕೇ ಮೊದಲು ಬಂತು. ದಕ್ಷಿಣ ಕನ್ನಡ 92.12 ತೆಗೆದು ಎರಡನೆಯದು. 2025ರಲ್ಲಿ ಪಿಯುಸಿಯಲ್ಲೂ ನಾವೇ. ಉಡುಪಿ 93.90, ದಕ್ಷಿಣ ಕನ್ನಡ 93.57. ನನಗೂ ಇದರ ಬಗ್ಗೆ ಹೆಮ್ಮೆ ಇದೆ. ನಮ್ಮ ಮಾಸ್ಟ್ರು, ಟೀಚರುಗಳು ರಾತ್ರಿ ಫೋನು ಮಾಡಿ ಮಕ್ಕಳನ್ನು ಎಬ್ಬಿಸಿ ಓದಿಸುತ್ತಾರೆ. ಇಷ್ಟು ಚೆನ್ನಾಗಿ ಮಕ್ಕಳನ್ನು ಪಾಸು ಮಾಡಿಸುವ ಜಿಲ್ಲೆಗಳಲ್ಲಿ, ಪಾಸಾದ ಮಗುವಿಗೆ ಯಾವ ಯಾವ ದಾರಿ ಉಂಟು ಅಂತ ಪೂರ್ತಿ ಹೇಳುವುದು ಕಷ್ಟದ ಕೆಲಸ ಆಗಬಾರದು ಅಂತ ನನ್ನ ನಂಬಿಕೆ.

ಯಾಕೆಂದರೆ ದಾರಿ ಇತ್ತು. ನನ್ನ ಕಣ್ಣೆದುರಿಗೇ ಇತ್ತು. ಮಂಗಳೂರಿಗೆ ಹೋದಾಗಲೆಲ್ಲ ಕಂಡಕ್ಟರ್ "ಕೆಪಿಟಿ, ಕೆಪಿಟಿ" ಅಂತ ಕೂಗುವುದನ್ನು ನಾನು ಮೂರು ವರ್ಷದವನಿದ್ದಾಗಿನಿಂದ ಕೇಳಿದ್ದೇನೆ. ನನಗೆ ಅದು ಒಂದು ಸ್ಟಾಪಿನ ಹೆಸರು ಅಷ್ಟೇ. ಕೆಪಿಟಿ ಅಂದರೆ ಕರ್ನಾಟಕ ಪಾಲಿಟೆಕ್ನಿಕ್, ಕದ್ರಿ ಗುಡ್ಡದಲ್ಲಿ 1946ರಿಂದ ಇರುವ ಸರಕಾರಿ ಪಾಲಿಟೆಕ್ನಿಕ್, ಅಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕಲಿಸುತ್ತಾರೆ, ಹತ್ತನೇ ಮುಗಿಸಿದ ಕೂಡಲೇ ಸೇರಬಹುದು ಅಂತ ಗೊತ್ತಾದದ್ದು ನಾನು ಸೆಕೆಂಡ್ ಪಿಯುಸಿಯಲ್ಲಿರುವಾಗ. ಅದೂ ಗ್ಯಾರೇಜಿಗೆ ಬಂದ ಒಬ್ಬ ಇನ್ಶೂರೆನ್ಸ್ ಸರ್ವೇಯರ್ ಮಾತಿನ ನಡುವೆ ಹೇಳಿದ್ದರಿಂದ. ಅವರು ಅಲ್ಲೇ ಕಲಿತವರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾನೇ ಹುಡುಕಿ ತಿಳಿದುಕೊಂಡೆ. ಹತ್ತನೇ ಆದ ಮೇಲೆ ಐಟಿಐಯಲ್ಲಿ (ಕೈಗಾರಿಕಾ ತರಬೇತಿ ಸಂಸ್ಥೆ) ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷ. ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಪಿಯುಸಿ ಸೈನ್ಸ್ ಮಾಡಿದವರಿಗೂ ಆ ಬಾಗಿಲು ಇದೆ, ನಾನು ಹೋಗುವುದು ಅದರಲ್ಲೇ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ಬಿಡದಿಯಲ್ಲಿ ಟೊಯೋಟಾದವರ ತರಬೇತಿ ಸಂಸ್ಥೆ 2007ರಿಂದ ಇದೆ. ಹತ್ತನೇ ಮುಗಿಸಿದ ಹಳ್ಳಿಯ ಬಡ ಮನೆಯ ಮಕ್ಕಳನ್ನು ಆರಿಸಿ, ಅಲ್ಲೇ ಇರಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಐಟಿಐಯಿಂದ ಹೊರಟವನು ಎಂಜಿನಿಯರ್ ಆಗುವ ತನಕ ಎಲ್ಲೂ ಗೋಡೆ ಇಲ್ಲ. ಇಷ್ಟು ಹೇಳಲು ಐದು ನಿಮಿಷ ಸಾಕು. ನಮ್ಮ ಹಾಲಿನ ಆ ಬೋರ್ಡಿನಲ್ಲಿ ನಾಲ್ಕನೇ ಗೆರೆಗೆ ಜಾಗ ಇತ್ತು.

ಅಪ್ಪ ಅಮ್ಮಂದಿರೇ, ನೀವು ಬೆದರಿಸುವ ಆ ಗ್ಯಾರೇಜು ಈಗ ಹೇಗಿದೆ ಅಂತ ಒಮ್ಮೆ ಬಂದು ನೋಡಿ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು, ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ ಅದು. ಹೊಸ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಫಿಲ್ಟರ್ ಚೆನ್ನಾಗಿ ಬಿಸಿಯಾಗಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುವ ಕಾರಿಗೆ ಅದು ಸಿಗುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬರು ರಿಟೈರ್ಡ್ ಮಾಸ್ಟ್ರ ಕಾರು ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು. ಬೇರೆ ಕಡೆ ಫಿಲ್ಟರನ್ನೇ ಬದಲಿಸಬೇಕು ಅಂದಿದ್ದರಂತೆ. ಅಣ್ಣ ಸ್ಕ್ಯಾನರ್ ಹಾಕಿದರು. ಪರದೆಯಲ್ಲಿ ಬಂದದ್ದು ಪೂರ್ತಿ ಇಂಗ್ಲಿಷು. ನಾನು ಓದಿ ಹೇಳಿದೆ, ಮಸಿ ಎಷ್ಟು ತುಂಬಿದೆ, ಹಿಂದಿನ ಸಲ ಸುಟ್ಟದ್ದು ಯಾವಾಗ. ಅಣ್ಣ ಸ್ವಲ್ಪ ಯೋಚಿಸಿ, ಮಾಸ್ಟ್ರನ್ನೂ ನನ್ನನ್ನೂ ಕೂರಿಸಿಕೊಂಡು ಹೆದ್ದಾರಿಯಲ್ಲಿ ಬ್ರಹ್ಮಾವರ ದಾಟಿ ಹೋಗಿ ಬಂದರು. ಎಲ್ಲೂ ಅವಸರ ಮಾಡಲಿಲ್ಲ, ಒಂದೇ ವೇಗ. ವಾಪಸು ಬರುವಾಗ ಸಂತೆಕಟ್ಟೆಯ ಹತ್ತಿರ ಲೈಟು ಆರಿತು. ಮಾಸ್ಟ್ರು ಅಣ್ಣನ ಎರಡೂ ಕೈ ಹಿಡಿದುಕೊಂಡರು.

ಅಣ್ಣನಿಗೆ ಆ ತಿಳಿವಳಿಕೆ ಬಂದದ್ದು ಮೂವತ್ತು ವರ್ಷದ ಕೆಲಸದಿಂದ. ಪರದೆ ಓದಲು ಮಾತ್ರ ಇನ್ನೊಬ್ಬರು ಬೇಕಾಯಿತು. ಈಗ ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಸೇರಿಸುತ್ತಾರೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳ ಮೇಲೆ ಕಣ್ಣಿಡಬೇಕು. ಎಥನಾಲ್ ಕೂಡ ನೀರು ಎಳೆದುಕೊಳ್ಳುವ ವಸ್ತು. ಎಲೆಕ್ಟ್ರಿಕ್ ಕಾರುಗಳು ಬಂದಿವೆ. ಅವುಗಳಲ್ಲಿ ಕಿತ್ತಳೆ ಬಣ್ಣದ ವಯರು ಕಂಡರೆ ತರಬೇತಿ ಇಲ್ಲದವರು ಮುಟ್ಟಬಾರದು, ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಇದನ್ನೆಲ್ಲ ಕಲಿಯಲು ಫಿಸಿಕ್ಸ್ ಬೇಕು, ಕೆಮಿಸ್ಟ್ರಿ ಬೇಕು, ಇಂಗ್ಲಿಷ್ ಬೇಕು. ಓದು ಹತ್ತದವರಿಗೆ ಅಂತ ನೀವು ಬದಿಗಿಟ್ಟ ಜಾಗಕ್ಕೇ ಈಗ ಚೆನ್ನಾಗಿ ಓದಿದವರು ಬೇಕಾಗಿದೆ.

ನಮ್ಮ ಊರಿನ ಗಾಡಿಗಳಿಗೆ ಬೇರೆಯೇ ಕಷ್ಟಗಳೂ ಇವೆ. ಇದನ್ನು ಬೆಂಗಳೂರಿನಲ್ಲಿ ಯಾರೂ ಕಲಿಸುವುದಿಲ್ಲ. ಸಮುದ್ರದ ಹತ್ತಿರದ ಮನೆಯ ಕಾರು, ಒಳನಾಡಿನ ಕಾರು, ಎರಡನ್ನೂ ಜಾಕಿ ಕೊಟ್ಟು ಎತ್ತಿದರೆ ಅಣ್ಣ ಕೆಳಗಿಂದ ನೋಡಿಯೇ ಯಾವುದು ಯಾವ ಕಡೆಯದ್ದು ಅಂತ ಹೇಳುತ್ತಾರೆ. ಉಪ್ಪುಗಾಳಿಗೆ ಮೊದಲು ಹೋಗುವುದು ಬ್ರೇಕ್ ಪೈಪು, ಸೈಲೆನ್ಸರ್, ಬಾಗಿಲ ಕೆಳಗಿನ ಅಂಚು. ಮಲ್ಪೆಯ ಮೀನು ಸಾಗಿಸುವ ಗಾಡಿಗಳ ತಳ ನೋಡಬೇಕು ನೀವು, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಒಂದು ವಾರ ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸೆಕೆಂಡ್ ಪಿಯುಸಿ ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ತುಕ್ಕಿನ ಪಾಠ ಬಂದಾಗ ನನಗೆ ಒಂದು ಸಾಲನ್ನೂ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಇನ್ನೊಂದು ವಿಷಯ. ಈ ಕರಾವಳಿಯನ್ನು ಹೀಗೆ ಒಟ್ಟಿಗೆ ಹೊಲಿದದ್ದೇ ಬಸ್ಸು, ಲಾರಿಗಳು. ಅವುಗಳನ್ನು ಓಡುವ ಸ್ಥಿತಿಯಲ್ಲಿಟ್ಟದ್ದು ವರ್ಕ್‌ಶಾಪುಗಳು. ಮಂಗಳೂರಿನಲ್ಲಿ ವಿ.ಎಸ್. ಕುಡ್ವ ಅವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಗಾಡಿಗಳ ಸ್ಪ್ರಿಂಗ್ ಪ್ಲೇಟು ತಯಾರಿಸಿ ಹೆಸರು ಮಾಡಿತು. ಅವರೇ ‘ನವಭಾರತ’ ಕನ್ನಡ ಪತ್ರಿಕೆಯನ್ನೂ ಶುರು ಮಾಡಿದವರು. ಒಬ್ಬರೇ ಮನುಷ್ಯ, ಒಂದು ಕಡೆ ಕಬ್ಬಿಣ ಬಗ್ಗಿಸುವ ಕೆಲಸ, ಇನ್ನೊಂದು ಕಡೆ ಅಕ್ಷರದ ಕೆಲಸ. ಅಜ್ಜ ಇದನ್ನು ಹೇಳಿದಾಗ ನನಗೆ ತುಂಬ ಧೈರ್ಯ ಬಂತು. ಧರ್ಮಸ್ಥಳದ ಕಾರು ಮ್ಯೂಸಿಯಂಗೆ ನೀವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಹಳೇ ಕಾರುಗಳ ಎದುರು ನಿಂತು ಫೋಟೋ ತೆಗೆಯುತ್ತೀರಿ. ಅವು ಅಷ್ಟು ಚೆಂದ ಉಳಿದಿರುವುದು ಯಾರದ್ದೋ ಕೈಯಿಂದ ಅಲ್ವಾ? ಆ ಕೈಗಳ ಬಗ್ಗೆಯೂ ಮಕ್ಕಳಿಗೆ ಒಂದು ಮಾತು ಹೇಳಿ.

ಅಪ್ಪ ಯಾಕೆ ಹಾಗೆ ಬೆದರಿಸುತ್ತಿದ್ದರು ಅಂತ ನನಗೆ ಈಗ ಅರ್ಥವಾಗಿದೆ. ಅಣ್ಣ ಗ್ಯಾರೇಜಿಗೆ ಬಂದದ್ದು ಹದಿಮೂರನೇ ವಯಸ್ಸಿನಲ್ಲಿ. ಅವರ ತಂದೆ ತೀರಿಹೋಗಿದ್ದರು, ಶಾಲೆ ಬಿಟ್ಟುಹೋಯಿತು. ಅಪ್ಪನೂ ಅಣ್ಣನೂ ಒಂದೇ ಕ್ಲಾಸಿನವರು. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಗೆಳೆಯ ಒಂದು ದಿನ ಗ್ರೀಸು ಹತ್ತಿದ ಅಂಗಿಯಲ್ಲಿ ರಸ್ತೆ ಬದಿ ಕೂತಿದ್ದನ್ನು ಅಪ್ಪ ನೋಡಿದ್ದಾರೆ. ಆ ಬೆದರಿಕೆಯ ಹಿಂದೆ ಇದ್ದದ್ದು ಹೆದರಿಕೆ. ಮಗುವಿಗೆ ಓದು ತಪ್ಪೀತು ಅನ್ನುವ ಹೆದರಿಕೆ. ಆ ಹೆದರಿಕೆಯನ್ನು ನಾನು ಗೌರವಿಸುತ್ತೇನೆ. ಹದಿಮೂರು ವರ್ಷದ ಮಗು ಗ್ಯಾರೇಜಿನಲ್ಲಿ ದುಡಿಯಬಾರದು, ಅದಕ್ಕೆ ಈಗ ಕಾನೂನೂ ಬಿಡುವುದಿಲ್ಲ. ಅಣ್ಣ ತಾವೇ ಹೇಳುತ್ತಾರೆ, "ನನ್ನ ಕೈಯಲ್ಲಿ ಕೆಲಸ ಉಂಟು, ಕಾಗದ ಇಲ್ಲ." ಒಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವರಿಗೆ ಕೆಲಸ ಕೊಡಲು ಇಷ್ಟ ಇತ್ತು. ಸರ್ಟಿಫಿಕೇಟ್ ಕೇಳಿದರು. ಅಲ್ಲಿಗೇ ಮುಗಿಯಿತು. ಹಾಗಾಗಿಯೇ ನಾನು ಗ್ಯಾರೇಜಿಗೆ ಶಾಲೆಯ ಬಾಗಿಲಿನಿಂದ ಹೋಗಬೇಕು ಅಂತಿದ್ದೇನೆ. ಇದನ್ನು ಮೊದಲು ಒಪ್ಪಿದ್ದು ಅಣ್ಣ, ಆಮೇಲೆ ಅಮ್ಮ. ಅಪ್ಪ ಎರಡು ತಿಂಗಳು ತೆಗೆದುಕೊಂಡರು. ಕೊನೆಗೆ ಒಂದು ಸಂಜೆ ಮಲ್ಪೆಯಿಂದ ಕೆಲಸ ಮುಗಿಸಿ ಬಂದವರು ಚಾ ಕುಡಿಯುತ್ತ, "ಅರ್ಜಿ ಯಾವಾಗ ಕೊಡ್ತಾರೆ?" ಅಂತ ಕೇಳಿದರು. ಅಷ್ಟೇ. ನನಗೆ ಅಷ್ಟು ಸಾಕಿತ್ತು.

ಕಾರಿನ ಹುಚ್ಚು ಅಂದರೆ ಸ್ಪೀಡಿನ ಹುಚ್ಚು ಅಂತ ನೀವು ತಿಳಿಯಬಹುದು. ನನ್ನ ಪ್ರಾಯದ ಕೆಲವರಿಗೆ ಅದು ನಿಜವೇ. ಅಪ್ಪನ ಕಾರು ತೆಗೆದುಕೊಂಡು ರಾತ್ರಿ ಹೆದ್ದಾರಿಗೆ ಹೋಗುವವರಿದ್ದಾರೆ, ಬೀಚಿನ ಮರಳಿಗೆ ಇಳಿಸಿ ವಿಡಿಯೊ ಮಾಡುವವರಿದ್ದಾರೆ. ಬೇಸರವೆಂದರೆ, ಮಗನಿಗೆ ಗ್ಯಾರೇಜು ಬೇಡ ಅನ್ನುವ ಕೆಲವು ಅಪ್ಪಂದಿರೇ ಅವನಿಗೆ ಹದಿನಾರಕ್ಕೇ ಕೀ ಕೊಡುತ್ತಾರೆ. 2019ರಲ್ಲಿ ಕಾನೂನು ತಿದ್ದುಪಡಿ ಆಗಿದೆ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. ದಂಡ ಬಿಡಿ, ಲೆಕ್ಕ ನೋಡಿ. ಒಣ ರಸ್ತೆಯಲ್ಲಿ 40ರಲ್ಲಿ ಹೋಗುವ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿಗೆ ನಿಂತರೆ, 80ರಲ್ಲಿ ಹೋಗುವ ಕಾರಿಗೆ 36 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ನಿಮ್ಮ ಮಗನಿಗೆ ಕಾರು ಇಷ್ಟ ಅಂತಿದ್ದರೆ ಕೀ ಕೊಡಬೇಡಿ, ಬಾನೆಟ್ ತೆರೆದು ಕೊಡಿ. ಆದಿತ್ಯವಾರ ಅವನ ಜೊತೆ ಕೂತು ಆಯಿಲ್ ನೋಡಿ, ಟಯರಿನ ಗಾಳಿ ನೋಡಿ, ಮ್ಯಾನುವಲ್ ಪುಸ್ತಕ ಓದಿ. ಮಗಳಿಗೆ ಇಷ್ಟವಿದ್ದರೆ ಅವಳ ಜೊತೆಗೂ. ಒಳಗೆ ಏನೇನು ನಡೆಯುತ್ತದೆ ಅಂತ ಗೊತ್ತಾದ ಮೇಲೆ ಗಾಡಿಯನ್ನು ಹಿಂಸೆ ಮಾಡಲು ಮನಸ್ಸು ಬರುವುದಿಲ್ಲ. ನನಗೆ ಹಾಗೆಯೇ ಆಯಿತು.

ಶಿಕ್ಷಣ ಇಲಾಖೆಯವರಲ್ಲಿ ಒಂದು ವಿನಂತಿ. ಹತ್ತನೇ ಕ್ಲಾಸಿನ ಮಕ್ಕಳನ್ನು ಡಿಸೆಂಬರಿನಲ್ಲೋ ಜನವರಿಯಲ್ಲೋ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು, ಒಂದು ದಿನ ಹತ್ತಿರದ ಸರಕಾರಿ ಐಟಿಐಗೋ ಪಾಲಿಟೆಕ್ನಿಕ್ಕಿಗೋ ಕರೆದುಕೊಂಡು ಹೋಗಿ. ಪ್ರವಾಸಕ್ಕೆ ಹೇಗೂ ಹೋಗುತ್ತೇವೆ, ಅದರ ನಡುವೆ ಇದೂ ಒಂದು. ಕಡಿಮೆ ಮಾರ್ಕಿನವರನ್ನು ಮಾತ್ರ ಆರಿಸಿ ಕಳಿಸಬೇಡಿ, ಎಲ್ಲರನ್ನೂ ಕರೆದುಕೊಂಡು ಹೋಗಿ. ಕ್ಲಾಸಿಗೆ ಮೊದಲು ಬರುವ ಹುಡುಗಿಯೂ ಲೇತ್ ಮೆಷಿನ್ ಓಡುವುದನ್ನು ನೋಡಲಿ. ಅಲ್ಲಿ ಕಲಿಯುತ್ತಿರುವ ಮಕ್ಕಳೇ ನಮಗೆ ತೋರಿಸಲಿ. ನಮ್ಮ ಪ್ರಾಯದವರು ಎಂಜಿನ್ ಬಿಚ್ಚಿ ಜೋಡಿಸುವುದನ್ನು ನೋಡಿದ ಮೇಲೆ ಯಾರೂ ಹಾಲಿನಲ್ಲಿ ಹಾಗೆ ನಗುವುದಿಲ್ಲ. ಮತ್ತೆ, ಪಿಯು ಕಾಲೇಜುಗಳ ಮಾಹಿತಿ ಕೊಡುವಾಗ ಐಟಿಐ, ಡಿಪ್ಲೊಮಾ ಮಾಹಿತಿಯನ್ನೂ ಅದೇ ಹಾಳೆಯಲ್ಲಿ ಕೊಡಿ.

ರಾಜ್ಯದ ಕೆಲವು ಸರಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿನಿಂದಲೇ ಕಸುಬು ಕಲಿಸುವ ಯೋಜನೆಯಲ್ಲಿ ಆಟೊಮೊಬೈಲ್ ಒಂದು ವಿಷಯವಾಗಿ ಇದೆ. ಎನ್‌ಎಸ್‌ಕ್ಯುಎಫ್ ಅಂತ ಕರೆಯುತ್ತಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅಂಥ ಶಾಲೆಗಳು ಜಾಸ್ತಿ ಆಗಲಿ. ಹೆದ್ದಾರಿಯ ಎರಡೂ ಬದಿ ಇಷ್ಟು ಗ್ಯಾರೇಜುಗಳಿರುವ ಊರು ನಮ್ಮದು. ಕಲಿಸಲು ಬರಬಲ್ಲ ಅಣ್ಣಂದಿರು ಇಲ್ಲೇ ಇದ್ದಾರೆ. ತಿಂಗಳಿಗೆ ಒಂದು ದಿನ ಅವರನ್ನು ಶಾಲೆಗೆ ಕರೆದು ಕುರ್ಚಿ ಕೊಟ್ಟು ಕೂರಿಸಿ. ಹದಿಮೂರಕ್ಕೆ ಶಾಲೆ ಬಿಟ್ಟ ನಮ್ಮ ಅಣ್ಣ ಅದೇ ಶಾಲೆಗೆ ಪಾಠ ಹೇಳಲು ಹೋಗುವುದನ್ನು ನಾನು ನೋಡಬೇಕು.

ಮಾಸ್ಟ್ರುಗಳೇ, ಟೀಚರುಗಳೇ, ನಿಮ್ಮ ಕ್ಲಾಸಿನಲ್ಲಿ ಪೆನ್ನು ಬಿಚ್ಚಿ ಸ್ಪ್ರಿಂಗ್ ನೋಡುವ, ಫ್ಯಾನಿನ ಸದ್ದು ಬದಲಾದರೆ ತಲೆ ಎತ್ತುವ ಮಗು ಒಂದು ಇದ್ದೇ ಇರುತ್ತದೆ. ಅದನ್ನು ಕರೆದು, ನಿನಗೆ ಇದು ಹೇಗೆ ಗೊತ್ತಾಯಿತು ಅಂತ ಕೇಳಿ. ನನ್ನನ್ನು ಹಾಗೆ ಕೇಳಿದವರು ಆ ಕೆಮಿಸ್ಟ್ರಿ ಮೇಡಂ ಒಬ್ಬರೇ.

ನಮ್ಮ ಪಕ್ಕದ ಮನೆಯ ಹುಡುಗ ಈ ಸಲ ಎಸ್ಸೆಸ್ಸೆಲ್ಸಿ ಬರೆದಿದ್ದಾನೆ. ಅವನಿಗೆ ವಯರಿಂಗ್ ಅಂದರೆ ಊಟ ಬೇಡ. ಕಳೆದ ದೀಪಾವಳಿಗೆ ಇಡೀ ಓಣಿಗೆ ಸೀರಿಯಲ್ ಲೈಟು ಹಾಕಿದ್ದು ಅವನೇ. ಅವನ ಅಪ್ಪ ಮೊನ್ನೆ ಬೇಲಿಯ ಆಚೆಯಿಂದ ನನ್ನನ್ನು ಕರೆದು, "ನೀನು ಹೋಗುವ ಆ ಜಾಗದಲ್ಲಿ ಎಲೆಕ್ಟ್ರಿಕಲ್ ಉಂಟಾ?" ಅಂತ ಕೇಳಿದರು. ಉಂಟು ಅಂದೆ. ಬುಧವಾರ ನಾವು ಮೂವರೂ ಏಳು ಗಂಟೆಯ ಎಕ್ಸ್‌ಪ್ರೆಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದೇವೆ. ಕೆಪಿಟಿಗೆ.

ಇಂತಿ ನಿಮ್ಮ ಊರಿನ ಹುಡುಗ,
ಕಟಪಾಡಿ